ದಂಡವಿಲ್ಲದ ಧರ್ಮಾಸನ

ನಮ್ಮ ದೇಶದ ಲಾ ಕಾಲೇಜುಗಳಲ್ಲಿ ಓದಿದವರಿಗೆ ಜಾನ್ ಆಸ್ಟಿನ್ ಎಂಬ ಇಂಗ್ಲಿಷ್ ಪಂಡಿತನ ಹೆಸರು ಚಿರಪರಿಚಿತವಾದುದು. ಶಾಸನವೆಂದರೆ ಪ್ರಭುವಿನ ಆಜ್ಞೆ. ಆಜ್ಞೆಯ ಬೆನ್ನಿಗೆ ಶಿಕ್ಷೆಯ ಭಯವಿರತಕ್ಕದ್ದು. ಭಯವಿಲ್ಲದ ಕಡೆ ಇರುವುದು ನೀತಿಬೋಧೆಯೇ ಹೊರತು ಶಾಸನವಲ್ಲ. ಇದು ಆತನು 1832ರಲ್ಲಿ ಪ್ರಕಟಿಸಿದ ಗ್ರಂಥದ ಸಾರ. ಆತನಿಗೂ ಮೊದಲು, 1651ರಲ್ಲಿ, ಥಾಮಸ್ ಹಾಬ್ಸನು ಇದೇ ದಾರಿಯಲ್ಲಿ ವಾದಿಸಿದ್ದನು. ನಮ್ಮ ಹಿಂದಿನವರಿಗೂ ಇದು ಹೊಸ ಮಾತಾಗಿರಲಿಲ್ಲ. ದಂಡವೇ ಪ್ರಜೆಗಳನ್ನು ಆಳುವ ನಿಜವಾದ ರಾಜನೆಂದು ಮನುಸ್ಮೃತಿಯೂ, ದಂಡ ತಪ್ಪಿದೊಡನೆ ದೊಡ್ಡ ಮೀನು ಸಣ್ಣ ಮೀನನ್ನು ನುಂಗುವ ಮತ್ಸ್ಯನ್ಯಾಯವು ಬರುವುದೆಂದು ಅರ್ಥಶಾಸ್ತ್ರವೂ ಬಹು ಹಿಂದೆಯೇ ಸಾರಿದ್ದುವು. ಈ ವಿಷಯದಲ್ಲಿ ಪೂರ್ವ ಪಶ್ಚಿಮಗಳಿಗೆ ಹೆಚ್ಚಿನ ಭೇದವಿಲ್ಲ.

ಇಂತಹ ಸಂಸ್ಕಾರದಿಂದ ಬಂದ ವಿದ್ಯಾರ್ಥಿಯು ಯೂರೋಪಿಯನ್ ಯೂನಿಯನ್ನಿನ ನ್ಯಾಯಶಾಸ್ತ್ರವನ್ನು ಓದಲು ಕುಳಿತರೆ, ಆತನಿಗೆ ಮೊದಲ ವಾರದಲ್ಲಿಯೇ ಒಂದು ದಿಗ್ಭ್ರಮೆ ಉಂಟಾಗುವುದು. ಲಕ್ಸೆಂಬರ್ಗಿನಲ್ಲಿ ಒಂದು ಧರ್ಮಾಸನವಿದೆ. ಅದರ ತೀರ್ಪುಗಳು 27 ರಾಷ್ಟ್ರಗಳಲ್ಲಿ ಸಲ್ಲುತ್ತವೆ. ಅದರ ಮಾತಿನಂತೆ ಪಾರ್ಲಿಮೆಂಟುಗಳು ಮಾಡಿದ ಕಾನೂನುಗಳು ಬದಿಗೆ ಸರಿಯುತ್ತವೆ; ಸರ್ಕಾರಗಳು ವಸೂಲು ಮಾಡಿದ ಸುಂಕವನ್ನು ಹಿಂದಕ್ಕೆ ಕೊಡುತ್ತವೆ. ಆದರೆ ಆ ಧರ್ಮಾಸನಕ್ಕೆ ಪೋಲೀಸರಿಲ್ಲ, ಸೆರೆಮನೆಯಿಲ್ಲ, ಸೇನೆಯಂತೂ ಇಲ್ಲವೇ ಇಲ್ಲ. ನಮ್ಮ ಮುನ್ಸೀಫ್ ಕೋರ್ಟಿಗೆ ಒಬ್ಬ ಅಮೀನನಾದರೂ ಉಂಟು. ಡಿಕ್ರಿಯನ್ನು ಅಮಲ್ಜಾರಿ ಮಾಡಲು ಆತನು ಮನೆಯ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಲಕ್ಸೆಂಬರ್ಗಿನ ನ್ಯಾಯಾಧೀಶರಿಗೆ ಅಷ್ಟೂ ಇಲ್ಲ. ಒಂದು ರಾಷ್ಟ್ರದ ಆಸ್ತಿಯನ್ನು ಜಪ್ತಿ ಮಾಡಿಸುವ ಅಧಿಕಾರವನ್ನು ಒಡಂಬಡಿಕೆಯು ಅವರಿಗೆ ಕೊಟ್ಟಿಲ್ಲ.

ಹೀಗಿರಲು ವಿಧೇಯತೆ ಎಲ್ಲಿಂದ ಬರುತ್ತದೆ? ಭಯದಿಂದಲ್ಲದೆ ಕೇವಲ ಕೊಟ್ಟ ಮಾತಿನಿಂದಲೇ ಒಂದು ಶಾಸನವು ನಿಲ್ಲಬಲ್ಲುದೆ? ನಿಲ್ಲುವುದಾದರೆ, ಅಂತಹ ಶಾಸನವನ್ನು ಒಬ್ಬನು ಯಾವಾಗ ನ್ಯಾಯವಾಗಿ ನಿರಾಕರಿಸಬಹುದು? ಈ ಪ್ರಶ್ನೆ ವಕೀಲರಿಗೆ ಮಾತ್ರ ಸೇರಿದುದಲ್ಲವೆಂದು ನನ್ನ ಭಾವನೆ. ಆದಕಾರಣವೇ ಇದನ್ನು ಈ ಪತ್ರಿಕೆಯ ವಾಚಕರ ಮುಂದಿಡುವ ಧೈರ್ಯ ಮಾಡಿದ್ದೇನೆ.

ಒಕ್ಕೂಟದ ಯಂತ್ರವನ್ನು ಸಂಕ್ಷೇಪವಾಗಿ ಹೇಳಿಬಿಡುವೆನು. ಬ್ರಸೆಲ್ಸಿನ ಕಮಿಷನ್ ಎಂಬ ಮಂಡಲಿಯು ಶಾಸನದ ಕರಡನ್ನು ಮುಂದಿಡುತ್ತದೆ. ರಾಷ್ಟ್ರಗಳ ಮಂತ್ರಿಗಳು ಕೂಡುವ ಕೌನ್ಸಿಲೂ, 1979ರಿಂದ ಪ್ರಜೆಗಳು ನೇರವಾಗಿ ಆರಿಸುತ್ತಿರುವ ಪಾರ್ಲಿಮೆಂಟೂ ಅದನ್ನು ತಿದ್ದಿ ಅಂಗೀಕರಿಸಬೇಕು. ಅಂಗೀಕೃತವಾದುದನ್ನು ಆಚರಣೆಗೆ ತರುವವರು ಬಹುಮಟ್ಟಿಗೆ ಆಯಾ ರಾಷ್ಟ್ರದ ಅಧಿಕಾರಿಗಳೇ. ಅರ್ಥದಲ್ಲಿ ವಿವಾದ ಬಂದರೆ ಲಕ್ಸೆಂಬರ್ಗಿನ ಧರ್ಮಾಸನವು ಅದನ್ನು ನಿರ್ಣಯಿಸುತ್ತದೆ. ರಾಷ್ಟ್ರಕ್ಕೊಬ್ಬರಂತೆ ಅಲ್ಲಿ 27 ನ್ಯಾಯಾಧೀಶರು; ಅವಧಿ ಆರು ವರ್ಷ. ಅವರ ಸಮಾಲೋಚನೆ ರಹಸ್ಯವಾದುದು. ತೀರ್ಪು ಒಂದೇ ಕಂಠದಿಂದ ಬರುತ್ತದೆ. ಭಿನ್ನಾಭಿಪ್ರಾಯವನ್ನು ಬರೆದಿಡುವ ಪದ್ಧತಿ ಇಲ್ಲ. ಇಂಗ್ಲಿಷ್ ನ್ಯಾಯಪದ್ಧತಿಗೆ ಒಗ್ಗಿದ ನಮಗೆ ಇದು ಒಂದು ಕೊರತೆಯಾಗಿ ಕಾಣುವುದು ಸಹಜವೇ. ಭಿನ್ನಮತದ ಸೊಗಸೇ ಬೇರೆ. ಆದರೆ ಯಾವ ನ್ಯಾಯಾಧೀಶನು ಯಾವ ಕಡೆ ನಿಂತನೆಂಬುದು ಹೊರಬಿದ್ದರೆ ಆತನ ಸ್ವದೇಶದ ಸರ್ಕಾರವು ಆತನನ್ನು ಮರಳಿ ನೇಮಿಸುವಾಗ ಅದನ್ನು ನೆನೆದೀತು. ಮೌನವು ಇಲ್ಲಿ ಸ್ವಾತಂತ್ರ್ಯದ ಕವಚವಾಗಿದೆ.

ಹೊಸದಾಗಿ ಓದುವವರಿಗೆ ಒಂದು ಎಚ್ಚರಿಕೆ: ಹೆಸರುಗಳು ಬಹಳ ಮೋಸಮಾಡುತ್ತವೆ. ಮಂತ್ರಿಗಳ ಕೌನ್ಸಿಲು ಒಂದು. ರಾಷ್ಟ್ರನಾಯಕರು ಕೂಡುವ ಯೂರೋಪಿಯನ್ ಕೌನ್ಸಿಲು ಇನ್ನೊಂದು. ಇವೆರಡಕ್ಕೂ ಸೇರದ, 46 ರಾಷ್ಟ್ರಗಳ ಕೌನ್ಸಿಲ್ ಆಫ್ ಯೂರೋಪು ಮತ್ತೊಂದು. ಮಾನವಹಕ್ಕುಗಳ ನ್ಯಾಯಾಲಯವೆಂದು ಪ್ರಸಿದ್ಧವಾದ ಸ್ಟ್ರಾಸ್‌ಬರ್ಗಿನ ನ್ಯಾಯಾಲಯವು ಈ ಮೂರನೆಯದಕ್ಕೆ ಸೇರಿದುದು, ಲಕ್ಸೆಂಬರ್ಗಿನದಕ್ಕಲ್ಲ. ಬಲ್ಲವರೂ ಕೆಲವು ಸಲ ಇಲ್ಲಿ ಎಡವುವುದುಂಟು.

ಈ ಕಟ್ಟಡದ ಅಡಿಗಲ್ಲನ್ನು ಇಟ್ಟವರ ಮನಸ್ಸನ್ನು ಅರಿಯಲು ರೋಬೆರ್ ಶೂಮಾನನ ಜೀವನವು ಸಹಾಯಕವಾಗುವುದು. ಆತನು 1886ರಲ್ಲಿ ಲಕ್ಸೆಂಬರ್ಗಿನಲ್ಲಿ ಹುಟ್ಟಿದನು. ಜರ್ಮನ್ ವಿಶ್ವವಿದ್ಯಾಲಯಗಳಲ್ಲಿ ನ್ಯಾಯಶಾಸ್ತ್ರವನ್ನು ಓದಿದನು. ಆಗ ಜರ್ಮನಿಗೆ ಸೇರಿದ್ದ ಮೆಟ್ಸ್ ನಗರದಲ್ಲಿ ವಕೀಲನಾದನು. ಮೊದಲನೆಯ ಮಹಾಯುದ್ಧದ ಕೊನೆಗೆ ಆ ಊರು ಫ್ರಾನ್ಸಿಗೆ ಹೋಯಿತು. 1919ರಲ್ಲಿ ಆತನು ಪ್ಯಾರಿಸಿನ ಶಾಸನಸಭೆಯಲ್ಲಿ ಸದಸ್ಯನಾಗಿ ಕುಳಿತನು. ಊರು ಇದ್ದಲ್ಲಿಯೇ ಇತ್ತು. ಅದರ ಪ್ರಭುತ್ವ ಮಾತ್ರ ಬದಲಾಯಿತು. ಗಡಿಯೆಂಬುದು ಸೇನೆಗಳು ಎಳೆದು ಅಳಿಸಿ ಮತ್ತೆ ಎಳೆಯುವ ಗೆರೆಯೆಂಬುದನ್ನು ಕಣ್ಣಾರೆ ಕಂಡ ಈತನೇ, ಫ್ರಾನ್ಸಿನ ವಿದೇಶಾಂಗ ಮಂತ್ರಿಯಾಗಿ, 1950ರ ಮೇ 9ರಂದು ಕಲ್ಲಿದ್ದಲು ಉಕ್ಕುಗಳನ್ನು ಒಂದು ಸಮಾನಾಧಿಕಾರದ ವಶಕ್ಕೆ ಒಪ್ಪಿಸೋಣವೆಂದು ಜರ್ಮನಿಯನ್ನು ಕರೆದನು. ಅದರಿಂದ 1951ರ ಪ್ಯಾರಿಸ್ ಒಡಂಬಡಿಕೆಯೂ, 1957ರ ಮಾರ್ಚ್ 25ರ ರೋಮ್ ಒಡಂಬಡಿಕೆಯೂ ಹುಟ್ಟಿದುವು. ಒಡಂಬಟ್ಟವು ಆರು ರಾಷ್ಟ್ರಗಳು: ಫ್ರಾನ್ಸು, ಜರ್ಮನಿ, ಇಟಲಿ, ಬೆಲ್ಜಿಯಂ, ನೆದರ್ಲೆಂಡ್ಸ್, ಲಕ್ಸೆಂಬರ್ಗ್.

ಇನ್ನು ನಮ್ಮ ಪ್ರಶ್ನೆಗೆ ಬರೋಣ. ಅದು ಎದ್ದದ್ದು ಯುದ್ಧ ಶಾಂತಿಗಳ ಭವ್ಯವಿಚಾರದಲ್ಲಿ ಅಲ್ಲ; ಅಂಟಿನ ತಯಾರಿಕೆಗೆ ಬೇಕಾದ ಯೂರಿಯಾ-ಫಾರ್ಮಾಲ್ಡಿಹೈಡ್ ಎಂಬ ರಾಸಾಯನಿಕ ವಸ್ತುವಿನ ಸುಂಕದ ಜಗಳದಲ್ಲಿ. 1960ರಲ್ಲಿ ವಾನ್ ಗೆಂಡ್ ಎನ್ ಲೋಸ್ ಎಂಬ ಡಚ್ ಸಾಗಣೆ ಕಂಪೆನಿಯು ಈ ವಸ್ತುವನ್ನು ಜರ್ಮನಿಯಿಂದ ತರಿಸಿತು. ಮೊದಲು ನೂರಕ್ಕೆ 3ರಂತೆ ಇದ್ದ ಸುಂಕವು ವರ್ಗೀಕರಣ ಬದಲಾದುದರಿಂದ ನೂರಕ್ಕೆ 8 ಆಗಿತ್ತು. ರಾಷ್ಟ್ರಗಳು ತಮ್ಮ ನಡುವೆ ಸುಂಕವನ್ನು ಹೆಚ್ಚಿಸಕೂಡದೆಂದು ರೋಮ್ ಒಡಂಬಡಿಕೆಯಲ್ಲಿ ಸ್ಪಷ್ಟವಾಗಿತ್ತು. ಆದರೆ ಒಡಂಬಡಿಕೆಯೆಂಬುದು ರಾಷ್ಟ್ರಕ್ಕೂ ರಾಷ್ಟ್ರಕ್ಕೂ ಆದ ಮಾತು. ಅದನ್ನು ಕೈಯಲ್ಲಿ ಹಿಡಿದುಕೊಂಡು ಒಬ್ಬ ವ್ಯಾಪಾರಿಯು ತನ್ನದೇ ಸರ್ಕಾರದ ಮೇಲೆ ದಾವೆ ಹೂಡಬಹುದೆ? ಮೂರು ಸರ್ಕಾರಗಳು ಧರ್ಮಾಸನದ ಮುಂದೆ ಬಂದು ಕೂಡದೆಂದು ವಾದಿಸಿದುವು. ಧರ್ಮಾಸನಕ್ಕೆ ಸಲಹೆ ಹೇಳಲು ಅಡ್ವೊಕೇಟ್ ಜನರಲ್ ಎಂಬ ಅಧಿಕಾರಿಗಳಿರುತ್ತಾರೆ. ಅವರಲ್ಲೊಬ್ಬನಾದ ಕಾರ್ಲ್ ರೋಮರನೂ ಕೂಡದೆಂದೇ ಅಭಿಪ್ರಾಯಪಟ್ಟನು. 1963ರ ಫೆಬ್ರವರಿ 5ರಂದು ಹೊರಟ ತೀರ್ಪು ಇವರೆಲ್ಲರನ್ನೂ ಮೀರಿ ನಡೆಯಿತು. ಈ ಒಡಂಬಡಿಕೆಯು ಬರಿಯ ಕರಾರಲ್ಲ, ಹೊಸದೊಂದು ನ್ಯಾಯವ್ಯವಸ್ಥೆ. ಇದರ ಪ್ರಜೆಗಳು ರಾಷ್ಟ್ರಗಳು ಮಾತ್ರವಲ್ಲ, ಆ ರಾಷ್ಟ್ರಗಳ ಜನರೂ ಹೌದು. ಆದ್ದರಿಂದ ಅವರ ಹಕ್ಕನ್ನು ಅವರವರ ನ್ಯಾಯಸ್ಥಾನಗಳು ಕಾಪಾಡತಕ್ಕದ್ದು ಎಂಬುದು ಅದರ ತಾತ್ಪರ್ಯ.

ಮರುವರ್ಷ ಬಂದುದು ಇನ್ನೂ ಚಿಕ್ಕ ವ್ಯಾಜ್ಯ. ಇಟಲಿಯ ಸರ್ಕಾರವು 1962ರಲ್ಲಿ ವಿದ್ಯುತ್ ಕಂಪೆನಿಗಳನ್ನು ರಾಷ್ಟ್ರದ ಸ್ವತ್ತನ್ನಾಗಿ ಮಾಡಿತು. ಮಿಲಾನಿನ ವಕೀಲನೂ ಅಂತಹ ಒಂದು ಕಂಪೆನಿಯ ಪಾಲುದಾರನೂ ಆಗಿದ್ದ ಫ್ಲಮಿನಿಯೊ ಕೋಸ್ತಾ ಎಂಬಾತನು, ಎರಡು ಸಾವಿರ ಲೀರಾಗಳಿಗೂ ಕಡಮೆಯಾದ ವಿದ್ಯುತ್ತಿನ ಬಿಲ್ಲನ್ನು ಕೊಡುವುದಿಲ್ಲವೆಂದು ಹಟಹಿಡಿದನು. ಸಣ್ಣಪುಟ್ಟ ದಾವೆಗಳನ್ನು ವಿಚಾರಿಸುವ ಮಿಲಾನಿನ ಒಬ್ಬ ನ್ಯಾಯಾಧಿಕಾರಿಯು ಲಕ್ಸೆಂಬರ್ಗಿಗೆ ಪ್ರಶ್ನೆ ಬರೆದನು. ಒಡಂಬಡಿಕೆಗಿಂತ ತರುವಾಯ ಬಂದ ಕಾನೂನೇ ಮೇಲೆಂದು ಇಟಲಿಯ ರಾಜ್ಯಾಂಗ ನ್ಯಾಯಸ್ಥಾನವು 1964ರ ಮಾರ್ಚಿನಲ್ಲಿ ಹೇಳಿಯಾಗಿತ್ತು. ಆದರೂ ಜುಲೈ 15ರಂದು ಧರ್ಮಾಸನವು ಅದಕ್ಕೆ ವಿರುದ್ಧವಾಗಿಯೇ ನುಡಿಯಿತು: ರಾಷ್ಟ್ರಗಳು ತಮ್ಮ ಪ್ರಭುತ್ವದ ಒಂದಂಶವನ್ನು ಒಪ್ಪಿಸಿಕೊಟ್ಟಿವೆ, ಒಪ್ಪಿಸಿದ್ದನ್ನು ಆಮೇಲೆ ಮಾಡಿಕೊಂಡ ಕಾನೂನಿನಿಂದ ಹಿಂದಕ್ಕೆ ಸೆಳೆದುಕೊಳ್ಳುವಂತಿಲ್ಲ.

ಇಲ್ಲಿ ನಡೆದುದೇನೆಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಧರ್ಮಾಸನಕ್ಕೆ ಕತ್ತಿಯಿರಲಿಲ್ಲ. ಆದರೆ ಮಿಲಾನಿನ ನ್ಯಾಯಾಧಿಕಾರಿಗೆ ಇತ್ತು; ಅಮ್‌ಸ್ಟರ್‌ಡ್ಯಾಮಿನ ಸುಂಕದ ನ್ಯಾಯಮಂಡಲಿಗೆ ಇತ್ತು. ಒಡಂಬಡಿಕೆಯ ಒಂದು ವಿಧಿಯ ಪ್ರಕಾರ ಯಾವ ದೇಶದ ಯಾವ ನ್ಯಾಯಾಧೀಶನಾದರೂ ತನ್ನ ಮುಂದಿರುವ ಮೊಕದ್ದಮೆಯನ್ನು ನಿಲ್ಲಿಸಿ ಒಕ್ಕೂಟದ ಶಾಸನದ ಅರ್ಥವೇನೆಂದು ಲಕ್ಸೆಂಬರ್ಗನ್ನು ಕೇಳಬಹುದು. ಮೇಲ್ಮನವಿಯಿಲ್ಲದ ನ್ಯಾಯಸ್ಥಾನವಾದರೆ, ಕೆಲವು ಸಂದರ್ಭಗಳನ್ನು ಬಿಟ್ಟು, ಕೇಳಲೇಬೇಕು. ಉತ್ತರ ಬಂದ ಬಳಿಕ ತೀರ್ಪು ಹೇಳುವವನು ಆ ನ್ಯಾಯಾಧೀಶನೇ. ಅಮಲ್ಜಾರಿ ಮಾಡುವವರು ಆ ದೇಶದ ಅಮೀನರೇ. ಒಬ್ಬ ಮಂತ್ರಿಯು ಲಕ್ಸೆಂಬರ್ಗನ್ನು ಲೆಕ್ಕಿಸದೆ ಇರಬಹುದು. ತನ್ನ ದೇಶದ ನ್ಯಾಯಾಸನವನ್ನೇ ಲೆಕ್ಕಿಸದಿರುವುದು ಅಷ್ಟು ಸುಲಭವಲ್ಲ. ಧರ್ಮಾಸನವು ಹೀಗೆ ಪ್ರತಿಯೊಂದು ದೇಶದಿಂದಲೂ ಆ ದೇಶದ ಕತ್ತಿಯನ್ನೇ ಎರವಲು ತಂದಿತು. ಇಂದಿಗೂ ಅದರ ಮುಂದೆ ಬರುವ ಮೊಕದ್ದಮೆಗಳಲ್ಲಿ ಅರ್ಧಕ್ಕೆ ಮೀರಿದವು ಇಂತಹ ಪ್ರಶ್ನೆಗಳೇ.

ಇದು ಜಾಣತನವೇ ಸರಿ, ನ್ಯಾಯವೂ ಹೌದೆ? ಒಕ್ಕೂಟದ ಶಾಸನವು ರಾಷ್ಟ್ರದ ಶಾಸನಕ್ಕಿಂತ ಮೇಲೆಂಬ ವಾಕ್ಯವು ರೋಮ್ ಒಡಂಬಡಿಕೆಯಲ್ಲಿ ಎಲ್ಲಿಯೂ ಇಲ್ಲ. ಈಗಿನ ಒಡಂಬಡಿಕೆಯ ವಿಧಿಗಳಲ್ಲಿಯೂ ಇಲ್ಲ. 2004ರಲ್ಲಿ ಸಹಿಯಾದ ಯೂರೋಪಿನ ರಾಜ್ಯಾಂಗದ ಒಡಂಬಡಿಕೆಯಲ್ಲಿ ಅದನ್ನು ಬರೆದರು. ಮರುವರ್ಷ ಫ್ರಾನ್ಸಿನ ಮತ್ತು ನೆದರ್ಲೆಂಡ್ಸಿನ ಮತದಾರರು ಆ ಒಡಂಬಡಿಕೆಯನ್ನೇ ತಿರಸ್ಕರಿಸಿದರು. 2007ರ ಲಿಸ್ಬನ್ ಒಡಂಬಡಿಕೆಯನ್ನು ರಚಿಸಿದವರು ಆ ಮಾತನ್ನು ವಿಧಿಗಳೊಳಗೆ ತರದೆ ಕೊನೆಯಲ್ಲಿ 17ನೆಯ ಘೋಷಣೆಯಾಗಿ ಅಂಟಿಸಿದರು. ಹಾಗಾದರೆ ಬರೆಯದೆ ಇದ್ದುದನ್ನು ನ್ಯಾಯಾಧೀಶರು ಓದಿದರಲ್ಲವೆ? ಕೊಡದೆ ಇದ್ದುದನ್ನು ತೆಗೆದುಕೊಂಡರಲ್ಲವೆ?

ಇದಕ್ಕೆ ಸಾಮಾನ್ಯವಾಗಿ ಕೊಡುವ ಸಮಾಧಾನವೆಂದರೆ, ರಾಷ್ಟ್ರಗಳು 1986ರಿಂದ 2007ರವರೆಗೆ ಐದು ಸಲ ಒಡಂಬಡಿಕೆಯನ್ನು ತಿದ್ದಿಯೂ ಈ ತೀರ್ಪನ್ನು ಅಳಿಸಲಿಲ್ಲ, ಆದ್ದರಿಂದ ಒಪ್ಪಿದವೆಂದೇ ಅರ್ಥ, ಎಂಬುದು. ನನಗೆ ಈ ಸಮಾಧಾನ ಸಾಲದು. ಮೌನವೇ ಸಮ್ಮತಿಯೆಂಬ ಗಾದೆಯನ್ನು ನ್ಯಾಯದ ವಿಚಾರದಲ್ಲಿ ಬಹು ಎಚ್ಚರದಿಂದ ಬಳಸಬೇಕು. ತಿದ್ದುವುದಕ್ಕೆ ಎಲ್ಲ ರಾಷ್ಟ್ರಗಳೂ ಒಮ್ಮತದಿಂದ ಕೂಡಬೇಕಾಗಿರುವಾಗ ಮೌನವು ಅಶಕ್ತಿಯೂ ಆಗಿರಬಹುದು. ಇದಕ್ಕಿಂತ ಬಲವಾದ ಆಧಾರವು ತೀರ್ಪಿನಲ್ಲಿಯೇ ಇದೆ. ಹತ್ತು ಮಂದಿ ಸೇರಿ ಕೆರೆಯ ನೀರಿಗೆ ಸರದಿ ಕಟ್ಟಿಕೊಂಡರೆನ್ನಿರಿ. ಅವರಲ್ಲೊಬ್ಬನು, ನನ್ನ ಮನೆಯಲ್ಲಿ ನಿನ್ನೆ ರಾತ್ರಿ ಬೇರೊಂದು ನಿಯಮ ಮಾಡಿಕೊಂಡೆವು, ಆದ್ದರಿಂದ ಸರದಿ ನನಗೆ ಸಲ್ಲದು, ಎಂದರೆ ಆತನು ಮಾತು ತಪ್ಪಿದನೆನ್ನುವುದಕ್ಕೆ ಬೇರೆ ಬರಹ ಬೇಕೆ? ಇಷ್ಟಬಂದಾಗ ಬದಲಾಯಿಸುವ ಹಕ್ಕನ್ನು ಒಳಗಿಟ್ಟುಕೊಂಡು ಕೊಟ್ಟ ಮಾತು ಮಾತೇ ಅಲ್ಲ. ನ್ಯಾಯಾಧೀಶರು ಓದಿದ್ದು ಬರೆಯದಿದ್ದುದನ್ನು ಹೌದು. ಆದರೆ ಬರೆದುದರ ಒಳಗೆ ಅಡಗಿದ್ದುದನ್ನು. ಈ ಮಟ್ಟಿಗೆ ಅವರು ಮಾಡಿದ್ದು ಸರಿಯೆಂದೇ ನನ್ನ ಮತ.

ಆದರೆ ಎರವಲು ತಂದ ವಸ್ತುವಿಗೆ ಒಂದು ಧರ್ಮವುಂಟು: ಕೊಟ್ಟವನು ಕಟ್ಟುಪಾಡು ಹಾಕಬಹುದು. ಹಾಗೆ ಹಾಕಿದವರು ಇದ್ದರು. ಆ ಕಥೆಯಲ್ಲಿ ಮೊದಲು ಬರುವುದು ಬೆಣ್ಣೆ.

1969ರಲ್ಲಿ ಯೂರೋಪಿನ ಉಗ್ರಾಣಗಳಲ್ಲಿ ಬೆಣ್ಣೆ ರಾಶಿಬಿದ್ದಿತ್ತು. ಸರ್ಕಾರದ ಸಹಾಯಧನದಿಂದ ಬಾಳುವವರಿಗೆ ಅದನ್ನು ಕಡಮೆ ಬೆಲೆಗೆ ಕೊಡಬಹುದೆಂದು ಕಮಿಷನ್ ಅಪ್ಪಣೆಮಾಡಿತು. ದುರುಪಯೋಗವಾಗದಂತೆ ಚೀಟಿಯನ್ನು ತೋರಿಸಿ ಕೊಳ್ಳಬೇಕೆಂದು ಗೊತ್ತುಮಾಡಿತು. ಚೀಟಿಯಲ್ಲಿ ಹೆಸರಿರಬೇಕೆಂದು ಜರ್ಮನ್ ಪಾಠದಲ್ಲಿತ್ತು. ಉಲ್ಮ್ ಪಟ್ಟಣದ ಸ್ಟೌಡರ್ ಎಂಬಾತನು, ಬೆಣ್ಣೆಗಾಗಿ ಅಂಗಡಿಯವನ ಮುಂದೆ ಬಡವನೆಂದು ಹೆಸರು ಹೇಳಿಕೊಂಡು ನಿಲ್ಲುವುದು ಮನುಷ್ಯನ ಮಾನಕ್ಕೆ ಕುಂದೆಂದು ದಾವೆ ಹೂಡಿದನು. ಧರ್ಮಾಸನವು ಆಗಿನ ನಾಲ್ಕು ಭಾಷೆಗಳ ಪಾಠಗಳನ್ನೂ ಹೋಲಿಸಿ ನೋಡಿತು. ಎರಡರಲ್ಲಿ ಹೆಸರಿನ ಮಾತಿತ್ತು. ಉಳಿದವುಗಳಲ್ಲಿ ಚೀಟಿಯು ಆ ವ್ಯಕ್ತಿಗೆ ಸಂಬಂಧಿಸಿದ್ದರೆ ಸಾಕಾಗಿತ್ತು. ಮಾನವನ್ನು ಕಡಮೆ ನೋಯಿಸುವ ಪಾಠವೇ ಗ್ರಾಹ್ಯವೆಂದು ನಿರ್ಣಯವಾಯಿತು. ನಮ್ಮ ಗ್ರಂಥಸಂಪಾದಕರು ಪಾಠಾಂತರಗಳಲ್ಲಿ ಒಂದನ್ನು ಆರಿಸುವಂತೆ ಅಲ್ಲಿ ನ್ಯಾಯಾಧೀಶರು ಆರಿಸಿದರು. ಇಂದು ಒಕ್ಕೂಟಕ್ಕೆ 24 ಭಾಷೆಗಳಿರುವುದರಿಂದ ಆ ಕೆಲಸ ಇನ್ನೂ ಹೆಚ್ಚಿದೆ. ಆ ತೀರ್ಪಿನಲ್ಲಿಯೇ, ಮನುಷ್ಯನ ಮೂಲಭೂತ ಹಕ್ಕುಗಳು ಒಕ್ಕೂಟದ ನ್ಯಾಯದ ಸಾಮಾನ್ಯತತ್ತ್ವಗಳಲ್ಲಿ ಸೇರಿವೆಯೆಂಬ ಮಾತು ಮೊದಲ ಸಲ ಬಂದಿತು. ರೋಮ್ ಒಡಂಬಡಿಕೆಯಲ್ಲಿ ಅಂತಹ ಹಕ್ಕುಗಳ ಪಟ್ಟಿ ಇರಲಿಲ್ಲ.

ಜರ್ಮನಿಯವರಿಗೆ ಇದು ಸಾಕಾಗಲಿಲ್ಲ. ಆಗಿನ ಪಶ್ಚಿಮ ಜರ್ಮನಿಯು 1949ರಲ್ಲಿ ತನ್ನ ರಾಜ್ಯಾಂಗವನ್ನು ಮಾನವನ ಗೌರವವೆಂಬ ತತ್ತ್ವದಿಂದಲೇ ಆರಂಭಿಸಿತ್ತು. ಹಿಟ್ಲರನ ಕಾಲದಲ್ಲಿ ಶಾಸನದ ಹೆಸರಿನಲ್ಲಿ ಏನೇನು ನಡೆಯಿತೆಂಬುದನ್ನು ಅದು ಮರೆತಿರಲಿಲ್ಲ. ಮೆಕ್ಕೆಜೋಳದ ಹಿಟ್ಟನ್ನು ರಫ್ತುಮಾಡುವ ಒಂದು ಕಂಪೆನಿಯು ತನ್ನ ಠೇವಣಿಯನ್ನು ಮುಟ್ಟುಗೋಲು ಹಾಕಿಕೊಂಡುದು ಅನ್ಯಾಯವೆಂದು ದೂರಿತು. ರಾಷ್ಟ್ರದ ರಾಜ್ಯಾಂಗದಲ್ಲಿನ ಹಕ್ಕುಗಳನ್ನು ಒಡ್ಡಿಯೂ ಒಕ್ಕೂಟದ ಶಾಸನವನ್ನು ತಡೆಯುವಂತಿಲ್ಲವೆಂದು ಧರ್ಮಾಸನವು 1970ರಲ್ಲಿ ಹೇಳಿತು. ಕಾರ್ಲ್ಸ್‌ರೂಹೆ ನಗರದ ಜರ್ಮನ್ ರಾಜ್ಯಾಂಗ ನ್ಯಾಯಸ್ಥಾನವು 1974ರ ಮೇ 29ರಂದು ಅದಕ್ಕೆ ಒಂದು ಷರತ್ತಿನ ಉತ್ತರವನ್ನು ಕೊಟ್ಟಿತು: ಎಲ್ಲಿಯವರೆಗೆ ಒಕ್ಕೂಟದಲ್ಲಿ ನಮ್ಮದಕ್ಕೆ ಸಮನಾದ ಹಕ್ಕುಗಳ ರಕ್ಷಣೆ ಇಲ್ಲವೋ ಅಲ್ಲಿಯವರೆಗೆ ನಾವೇ ಪರೀಕ್ಷಿಸುವೆವು. ಇಟಲಿಯ ನ್ಯಾಯಸ್ಥಾನವೂ ಅದರ ಹಿಂದಿನ ವರ್ಷವೇ ಇಂತಹ ಒಂದು ಮೇರೆಯನ್ನು ಕಾದಿರಿಸಿಕೊಂಡಿತ್ತು. ಧರ್ಮಾಸನವು ಕೋಪಿಸಿಕೊಳ್ಳಲಿಲ್ಲ, ಕೋಪದಿಂದ ಪ್ರಯೋಜನವೂ ಇರಲಿಲ್ಲ. ಮೊಕದ್ದಮೆಯ ಮೇಲೆ ಮೊಕದ್ದಮೆಯಾಗಿ ಹಕ್ಕುಗಳನ್ನು ತನ್ನ ನ್ಯಾಯದೊಳಕ್ಕೆ ತಂದುಕೊಂಡಿತು. 1986ರ ಅಕ್ಟೋಬರ್ 22ರಂದು ಕಾರ್ಲ್ಸ್‌ರೂಹೆಯವರು ಅದೇ ಪದವನ್ನು ತಿರುಗಿಸಿ ಹೇಳಿದರು: ಎಲ್ಲಿಯವರೆಗೆ ಈ ರಕ್ಷಣೆ ಇರುವುದೋ ಅಲ್ಲಿಯವರೆಗೆ ನಾವು ಪರೀಕ್ಷಿಸುವುದಿಲ್ಲ. 2000ದಲ್ಲಿ ಹಕ್ಕುಗಳ ಸನ್ನದು ಪ್ರಕಟವಾಯಿತು. 2009ರ ಡಿಸೆಂಬರ್ 1ರಿಂದ ಅದಕ್ಕೆ ಒಡಂಬಡಿಕೆಯ ಬಲವೇ ಬಂದಿತು.

ಹನ್ನೆರಡು ವರ್ಷಗಳ ಈ ವಾಗ್ವಾದದಲ್ಲಿ ಒಂದು ಪಕ್ಷವು ನಿರಾಕರಿಸುವೆನೆಂದು ಹೆದರಿಸಿತು, ನಿಜ. ಆದರೆ ಆ ಹೆದರಿಕೆಯಿಂದ ಶಾಸನವು ಕುಸಿಯಲಿಲ್ಲ, ಉತ್ತಮವಾಯಿತು. ಕಾರಣವನ್ನು ಹೇಳಿ ನಿರಾಕರಿಸುವವನು, ಆ ಕಾರಣವು ತೀರಿದಾಗ ಒಪ್ಪುವೆನೆಂಬ ಮಾತನ್ನೂ ಅದರಲ್ಲಿಯೇ ಕೊಟ್ಟಿರುತ್ತಾನೆ. ವಿಧೇಯತೆಯಷ್ಟೇ ಮರ್ಯಾದೆ ಇಂತಹ ಅವಿಧೇಯತೆಗೂ ಸಲ್ಲಬೇಕು.

ದಂಡವು ಪೂರ್ತಿಯಾಗಿ ಇಲ್ಲವೆಂದು ಹೇಳುವುದೂ ಸರಿಯಲ್ಲ. ತೀರ್ಪನ್ನು ನಡಸದ ರಾಷ್ಟ್ರಕ್ಕೆ ಜುಲ್ಮಾನೆ ಹಾಕುವ ಅಧಿಕಾರವು 1993ರಿಂದ ಧರ್ಮಾಸನಕ್ಕೆ ಇದೆ. ಮೊದಲು ಅದಕ್ಕೆ ಗುರಿಯಾದುದು ಗ್ರೀಸ್. ಕ್ರೀಟ್ ದ್ವೀಪದ ಒಂದು ಕಸದ ಹಳ್ಳವನ್ನು ಮುಚ್ಚದೆ ಇದ್ದುದಕ್ಕಾಗಿ 2000ದ ಜುಲೈಯಲ್ಲಿ ದಿನಕ್ಕೆ 20,000 ಯೂರೋ. ಆದರೆ ಜುಲ್ಮಾನೆಯನ್ನು ಕೊಡುವುದಿಲ್ಲವೆಂದರೆ? ಒಕ್ಕೂಟದಿಂದ ಸಲ್ಲಬೇಕಾದ ಹಣದಲ್ಲಿ ಮುರಿದುಕೊಳ್ಳಬಹುದು; ಅದಕ್ಕಿಂತ ಮುಂದೆ ದಾರಿಯಿಲ್ಲ. ಬಿಟ್ಟುಹೋಗುವೆನೆಂದರೆ ತಡೆಯುವವರೂ ಇಲ್ಲ. ಬ್ರಿಟನ್ 2016ರಲ್ಲಿ ಮತ ತೆಗೆದುಕೊಂಡು 2017ರ ಮಾರ್ಚಿನಲ್ಲಿ ನೋಟೀಸು ಕೊಟ್ಟು 2020ರ ಜನವರಿ 31ರಂದು ಹೊರಗೆ ನಡೆಯಿತು. ಅಮೆರಿಕದಲ್ಲಿ ಬಿಟ್ಟುಹೋಗಲೆಳಸಿದ ಸಂಸ್ಥಾನಗಳಿಗೆ 1861ರಿಂದ 1865ರವರೆಗೆ ಸೇನೆಯೇ ಉತ್ತರವಾಯಿತು. ಯೂರೋಪಿನಲ್ಲಿ ಉತ್ತರವಾದುದು ಎರಡು ವರ್ಷದ ಗಡುವು, ಮತ್ತು ಅದರ ಮುಂದುವರಿಕೆಗಳು.

ಈಗ ಕಷ್ಟವಾದ ಭಾಗಕ್ಕೆ ಬಂದಿದ್ದೇವೆ. ಈಚಿನ ವರ್ಷಗಳಲ್ಲಿ ಎರಡು ನಿರಾಕರಣೆಗಳು ನಡೆದುವು. ಹೊರಗಿನಿಂದ ನೋಡುವವನಿಗೆ ಎರಡೂ ಒಂದೇ ಅಚ್ಚಿನವು. 2020ರ ಮೇ 5ರಂದು ಕಾರ್ಲ್ಸ್‌ರೂಹೆಯ ನ್ಯಾಯಸ್ಥಾನವು, ಯೂರೋಪಿನ ಕೇಂದ್ರ ಬ್ಯಾಂಕು ಸರ್ಕಾರಿ ಸಾಲಪತ್ರಗಳನ್ನು ಕೊಂಡ ವಿಷಯದಲ್ಲಿ ಧರ್ಮಾಸನವು 2018ರಲ್ಲಿ ಕೊಟ್ಟ ತೀರ್ಪು ಅರ್ಥವಾಗದಂತಹುದೆಂದೂ, ಅಧಿಕಾರವನ್ನು ಮೀರಿದುದೆಂದೂ, ಆದ್ದರಿಂದ ಜರ್ಮನಿಗೆ ಸಲ್ಲದೆಂದೂ ಸಾರಿತು. 2021ರ ಅಕ್ಟೋಬರ್ 7ರಂದು ಪೋಲೆಂಡಿನ ರಾಜ್ಯಾಂಗ ನ್ಯಾಯಮಂಡಲಿಯು, ಒಡಂಬಡಿಕೆಯ ಕೆಲವು ವಿಧಿಗಳನ್ನು ಧರ್ಮಾಸನವು ಅರ್ಥಮಾಡಿರುವ ರೀತಿಯು ಪೋಲೆಂಡಿನ ರಾಜ್ಯಾಂಗಕ್ಕೆ ವಿರುದ್ಧವೆಂದು ಸಾರಿತು. ಜರ್ಮನರು ಮಾಡಿದರೆ ವಿದ್ವತ್ತು, ನಾವು ಮಾಡಿದರೆ ದ್ರೋಹವೆ? ಎಂದು ಪೋಲೆಂಡಿನವರು ಕೇಳಿದರೆ ಅದನ್ನು ನಗೆಯಾಡಿ ತಳ್ಳುವಂತಿಲ್ಲ. ಶ್ರೀಮಂತರಿಗೊಂದು ಬಡವರಿಗೊಂದು ನ್ಯಾಯವಾದರೆ ಕತ್ತಿಯಿಲ್ಲದ ಶಾಸನಕ್ಕೆ ಒಂದು ದಿನವೂ ಆಯುಸ್ಸಿಲ್ಲ.

ಜರ್ಮನ್ ನ್ಯಾಯಾಧೀಶರು ಆ ದಿನ ಮಾಡಿದ್ದು ಅವಿವೇಕವೆಂದೇ ನನಗೆ ತೋರುತ್ತದೆ. ಇನ್ನೊಂದು ಪ್ರಶ್ನೆಯನ್ನು ಬರೆದು ಕೇಳಬಹುದಾಗಿತ್ತು, ಕೇಳಲಿಲ್ಲ. ಬಳಸಿದ ಮಾತುಗಳೂ ಕಟುವಾಗಿದ್ದುವು. ಆದರೂ ಅವರು ಕೇಳಿದ್ದು ಕಾರಣವನ್ನು: ಬ್ಯಾಂಕು ಮಾಡಿದ ಕೆಲಸವು ಉದ್ದೇಶಕ್ಕೆ ತಕ್ಕಷ್ಟೇ ಇತ್ತೆಂಬುದನ್ನು ಮೂರು ತಿಂಗಳೊಳಗೆ ತೋರಿಸಿರೆಂದರು. ಕಾಗದಪತ್ರಗಳು ಬಂದುವು, ಜರ್ಮನ್ ಪಾರ್ಲಿಮೆಂಟು ಜುಲೈ ತಿಂಗಳಲ್ಲಿ ತೃಪ್ತಿಯನ್ನು ಸೂಚಿಸಿತು. ಕಮಿಷನ್ 2021ರಲ್ಲಿ ಜರ್ಮನಿಯ ಮೇಲೆ ಕ್ರಮವನ್ನು ಆರಂಭಿಸಿ, ಜರ್ಮನ್ ಸರ್ಕಾರವು ಒಕ್ಕೂಟದ ಶಾಸನದ ಮೇಲ್ಮೆಯನ್ನು ಒಪ್ಪಿ ಭರವಸೆ ಕೊಟ್ಟ ಮೇಲೆ ಅದೇ ಡಿಸೆಂಬರಿನಲ್ಲಿ ಮುಗಿಸಿತು.

ಪೋಲೆಂಡಿನ ಸಂಗತಿಯೇ ಬೇರೆ. ಅಲ್ಲಿ ನಿರಾಕರಿಸಿದ ಮಂಡಲಿಯ ಕೆಲವು ಪೀಠಗಳು 2015ರಲ್ಲಿಯೇ ನ್ಯಾಯವಾಗಿ ಭರ್ತಿಯಾಗಿದ್ದುವು. ಹೊಸ ಸರ್ಕಾರವು ಆ ಪೀಠಗಳಲ್ಲಿಯೇ ಬೇರೆಯವರನ್ನು ಕೂರಿಸಿತು. ಅವರಲ್ಲೊಬ್ಬನು ಕುಳಿತ ಪೀಠವು ಶಾಸನಬದ್ಧವಾದ ನ್ಯಾಯಸ್ಥಾನವೇ ಅಲ್ಲವೆಂದು ಸ್ಟ್ರಾಸ್‌ಬರ್ಗಿನ ನ್ಯಾಯಾಲಯವು 2021ರ ಮೇ ತಿಂಗಳಲ್ಲಿ ತೀರ್ಪುಕೊಟ್ಟಿತ್ತು. ನ್ಯಾಯಾಧೀಶರನ್ನು ಶಿಕ್ಷಿಸಲು ಸುಪ್ರೀಂ ಕೋರ್ಟಿನಲ್ಲಿ ಹೊಸದೊಂದು ಶಿಸ್ತಿನ ವಿಭಾಗವು ಏರ್ಪಟ್ಟಿತ್ತು. ಲಕ್ಸೆಂಬರ್ಗಿಗೆ ಪ್ರಶ್ನೆ ಬರೆದ ನ್ಯಾಯಾಧೀಶರ ಮೇಲೆಯೇ ವಿಚಾರಣೆಗಳು ನಡೆದುವು. ಎರವಲು ಕೊಡುವ ಕೈಯನ್ನೇ ಕಟ್ಟಿಹಾಕುವ ಉಪಾಯವಿದು! 2020ರ ಜನವರಿ 11ರಂದು ವಾರ್ಸಾ ನಗರದ ಬೀದಿಯಲ್ಲಿ ಪೋಲಿಷ್ ನ್ಯಾಯಾಧೀಶರೂ, ಅವರ ಬೆಂಬಲಕ್ಕಾಗಿ ಯೂರೋಪಿನ ಅನೇಕ ದೇಶಗಳಿಂದ ಬಂದ ನ್ಯಾಯಾಧೀಶರೂ ತಮ್ಮ ನಿಲುವಂಗಿಗಳನ್ನು ತೊಟ್ಟು ಮೌನವಾಗಿ ನಡೆದರು. ವೃತ್ತಿಯ ಸಂಕೋಚದಿಂದ ಮೆರವಣಿಗೆಗಳಿಂದ ದೂರವಿರುವ ಜನರು ಬೀದಿಗೆ ಬಂದರೆಂದರೆ ಅವರಿಗೆ ಏನೋ ಕಳೆದುಹೋಗುವುದೆಂದು ತೋರಿರಬೇಕು. ಶಿಸ್ತಿನ ವಿಭಾಗವನ್ನು ನಿಲ್ಲಿಸದ್ದಕ್ಕಾಗಿ 2021ರ ಅಕ್ಟೋಬರ್ 27ರಂದು ಧರ್ಮಾಸನದ ಉಪಾಧ್ಯಕ್ಷನು ದಿನಕ್ಕೆ 10 ಲಕ್ಷ ಯೂರೋಗಳ ಜುಲ್ಮಾನೆ ಹಾಕಿದನು. 2023ರ ಏಪ್ರಿಲಿನಲ್ಲಿ ಅದು 5 ಲಕ್ಷಕ್ಕೆ ಇಳಿಯಿತು. ಪೋಲೆಂಡು ಕೊಡಲಿಲ್ಲ, ಅದಕ್ಕೆ ಸಲ್ಲಬೇಕಾದ ಹಣದಿಂದ ಕಮಿಷನ್ ಮುರಿದುಕೊಂಡಿತು.

ಆದುದರಿಂದ, ಎರಡು ನಿರಾಕರಣೆಗಳ ಭೇದವು ಅವುಗಳ ಮಾತಿನಲ್ಲಿಲ್ಲ, ನಿರಾಕರಿಸುವವನ ಸ್ಥಿತಿಯಲ್ಲಿದೆ. ತನ್ನ ಸರ್ಕಾರಕ್ಕೂ ಇಲ್ಲವೆನ್ನಬಲ್ಲ ನ್ಯಾಯಾಧೀಶನು ಲಕ್ಸೆಂಬರ್ಗಿಗೆ ಇಲ್ಲವೆಂದರೆ ಅದು ಒಂದು ಅಭಿಪ್ರಾಯ. ಅದಕ್ಕೆ ಉತ್ತರ ಕೊಡಬಹುದು, ಉತ್ತರದಿಂದ ಆತನ ಮನಸ್ಸು ತಿರುಗಲೂಬಹುದು. ಸರ್ಕಾರಕ್ಕೆ ಇಲ್ಲವೆನ್ನಲಾರದವನು ಹೇಳಿದ ಇಲ್ಲವು ಆತನದಲ್ಲ. ಅದಕ್ಕೆ ಯಾವ ಉತ್ತರವೂ ತಲಪುವುದಿಲ್ಲ. ಪೋರ್ಚುಗಲ್ಲಿನ ನ್ಯಾಯಾಧೀಶರ ಸಂಬಳದ ಕಡಿತವನ್ನು ಕುರಿತ ಮೊಕದ್ದಮೆಯಲ್ಲಿ, 2018ರ ಫೆಬ್ರವರಿಯಲ್ಲಿಯೇ, ಸ್ವತಂತ್ರರಾದ ನ್ಯಾಯಾಧೀಶರನ್ನು ಇಟ್ಟುಕೊಳ್ಳುವುದು ಪ್ರತಿಯೊಂದು ರಾಷ್ಟ್ರವೂ ಒಕ್ಕೂಟಕ್ಕೆ ಕೊಟ್ಟ ಮಾತಿನ ಭಾಗವೆಂದು ಧರ್ಮಾಸನವು ಹೇಳಿತ್ತು. ಸಂಬಳದ ಕಡಿತವನ್ನು ತಪ್ಪೆನ್ನಲಿಲ್ಲ. ತತ್ತ್ವವನ್ನು ಮಾತ್ರ ನೆಟ್ಟಿತು. ಆಗ ಅದರ ಬೆಲೆಯನ್ನು ಅರಿತವರು ಕೆಲವರೇ.

ಈ ಭೇದವನ್ನು ಒಪ್ಪಿದರೂ ತೊಡಕು ಪೂರ್ತಿಯಾಗಿ ಬಿಡುವುದಿಲ್ಲ. ಯಾವ ನ್ಯಾಯಾಧೀಶನು ಸ್ವತಂತ್ರನೆಂದು ತೀರ್ಮಾನಿಸುವವರು ಯಾರು? ಲಕ್ಸೆಂಬರ್ಗಿನವರೇ ಆದರೆ, ತಮ್ಮನ್ನು ನಿರಾಕರಿಸಿದವರ ಯೋಗ್ಯತೆಯನ್ನು ತಾವೇ ಅಳೆದಂತಾಯಿತು. ಈ ಅಳತೆಯ ಕಷ್ಟವು ಇಂದು ಪೋಲೆಂಡಿನಲ್ಲಿಯೇ ಮೈದೋರಿದೆ. 2023ರ ಅಕ್ಟೋಬರಿನ ಚುನಾವಣೆಯಲ್ಲಿ ಆ ಸರ್ಕಾರವು ಬಹುಮತವನ್ನು ಕಳೆದುಕೊಂಡಿತು. ಡಿಸೆಂಬರಿನಲ್ಲಿ ಹೊಸದು ಬಂದಿತು. ಒಡಂಬಡಿಕೆಯ 7ನೆಯ ವಿಧಿಯಂತೆ 2017ರಿಂದ ನಡೆಯುತ್ತಿದ್ದ ಕ್ರಮವನ್ನು ಕಮಿಷನ್ 2024ರ ಮೇ ತಿಂಗಳಲ್ಲಿ ಮುಗಿಸಿತು. ಆದರೆ 2018ರಿಂದೀಚೆಗೆ, ಸ್ವತಂತ್ರವಲ್ಲವೆಂದು ಆಕ್ಷೇಪಕ್ಕೆ ಗುರಿಯಾದ ನೇಮಕಮಂಡಲಿಯ ಮೂಲಕ ಪೀಠವೇರಿದ ನ್ಯಾಯಾಧೀಶರು ಎರಡು ಸಾವಿರಕ್ಕೂ ಹೆಚ್ಚು. ಅವರೆಲ್ಲರನ್ನೂ ಒಂದೇ ಶಾಸನದಿಂದ ಇಳಿಸಿಬಿಟ್ಟರೆ, ನ್ಯಾಯಾಧೀಶನನ್ನು ಸರ್ಕಾರವು ಇಷ್ಟಬಂದಂತೆ ಇಳಿಸಕೂಡದೆಂಬ ತತ್ತ್ವವನ್ನು ಅದರ ಮಿತ್ರರೇ ಮುರಿದಂತಾಗುವುದು. ಇರಗೊಟ್ಟರೆ, ಮುರಿದವರ ಕೆಲಸವನ್ನು ಊರ್ಜಿತಗೊಳಿಸಿದಂತಾಗುವುದು. ಈ ನಡುವೆ ಅವರ ಪೀಠಗಳಿಂದ ಲೆಕ್ಕವಿಲ್ಲದಷ್ಟು ತೀರ್ಪುಗಳು ಹೊರಟಿವೆ: ಗಂಡ ಹೆಂಡಿರು ಬೇರೆಯಾದುದು, ಮನೆ ಜಮೀನುಗಳು ಕೈಬದಲಾದುದು, ಮಗುವು ತಾಯಿಗೋ ತಂದೆಗೋ ಸೇರಿದುದು. ಆ ತೀರ್ಪುಗಳನ್ನು ನಂಬಿ ಮರುಮದುವೆಯಾದವರಿರುವರು, ಮನೆ ಕೊಂಡವರಿರುವರು. ನಿಮಗೆ ತೀರ್ಪು ಹೇಳಿದವನು ನ್ಯಾಯಾಧೀಶನೇ ಅಲ್ಲವೆಂದು ಅವರಿಗೆ ತಿಳಿಸುವುದು ಹೇಗೆ, ತಿಳಿಸದೆ ಇರುವುದು ಹೇಗೆ ಎಂಬುದನ್ನು ಕುರಿತು ವಾರ್ಸಾದಲ್ಲಿ ಇನ್ನೂ ವಾದ ನಡೆದಿದೆ.